ತಲಕಾಡಿನ ಶಾಪಕಥೆಯಲ್ಲಿ ದೈವ–ಪುರುಷಕಾರ ವಿಚಾರ

೧. ಪ್ರಸ್ತಾವನೆ

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ತಲಕಾಡಿನ ಹೆಸರನ್ನೆತ್ತಿದೊಡನೆ, ಅದು ಗಂಗರ ರಾಜಧಾನಿಯಾಗಿದ್ದುದಾಗಲಿ, ಕ್ರಿ. ಶ. ೧೧೧೬ರಲ್ಲಿ ವಿಷ್ಣುವರ್ಧನನು ಅದನ್ನು ಚೋಳರಿಂದ ಗೆದ್ದು ‘ತಲಕಾಡುಗೊಂಡ’ನೆಂಬ ಬಿರುದನ್ನು ತಳೆದುದಾಗಲಿ, ಆ ಜಯದ ನೆನಪಿಗೆ ಕೀರ್ತಿನಾರಾಯಣನ ದೇವಾಲಯವು ಎದ್ದುದಾಗಲಿ ಸಾಮಾನ್ಯ ಜನರ ಮನಸ್ಸಿಗೆ ಬರುವುದಿಲ್ಲ, ಅಲಮೇಲಮ್ಮನ ಶಾಪವು ಬರುತ್ತದೆ. ತಲಕಾಡನ್ನು ಮರಳು ಮುಚ್ಚಬೇಕು, ಮಾಲಂಗಿಯಲ್ಲಿ ನದಿಯು ಆಳವಾದ ಮಡುವಾಗಬೇಕು, ಮೈಸೂರಿನ ಅರಸರಿಗೆ ಸಂತಾನವಿಲ್ಲದೆ ಹೋಗಬೇಕು ಎಂಬ ತಾತ್ಪರ್ಯದ ಮೂರು ಮಾತುಗಳೇ ಆ ಊರಿನ ಚರಿತ್ರೆಯೆಂಬಂತೆ ಆಗಿಹೋಗಿದೆ.

ಈ ಕಥೆಯನ್ನು ವಿಧಿಯ ಬಲಕ್ಕೆ ದೃಷ್ಟಾಂತವಾಗಿ ಹೇಳುವುದು ರೂಢಿ. ಶಾಪವನ್ನು ನುಡಿದುದಾಯಿತು, ಅದು ಫಲಿಸಿದುದಾಯಿತು, ಮನುಷ್ಯನ ಕೈಯಲ್ಲಿ ಏನಿದೆ ಎಂಬಲ್ಲಿಗೆ ಕಥನವು ಮುಗಿಯುತ್ತದೆ. ಶಾಪವನ್ನು ನಂಬದ ನವೀನರು ಅದನ್ನು ಮೂಢಜನರ ಕಲ್ಪನೆಯೆಂದು ಬದಿಗೆ ಸರಿಸಿ, ಗಾಳಿ ನೀರು ಮರಳುಗಳ ಲೆಕ್ಕವನ್ನು ಕೊಡುತ್ತಾರೆ. ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಏಕಮತವಾಗಿವೆ: ಆದುದೆಲ್ಲವೂ ಮನುಷ್ಯನ ಹೊರಗಿನ ಶಕ್ತಿಯೊಂದರಿಂದ ಆಯಿತು, ಮನುಷ್ಯನ ಇಚ್ಛೆಗೆ ಅಲ್ಲಿ ಸ್ಥಾನವಿಲ್ಲ. ಒಬ್ಬರಿಗೆ ಆ ಶಕ್ತಿಯ ಹೆಸರು ದೈವ, ಇನ್ನೊಬ್ಬರಿಗೆ ಪ್ರಕೃತಿ.

ಈ ಏಕಮತ್ಯವು ಕಥೆಯ ಶರೀರಕ್ಕೆ ಹೊಂದುವುದೇ ಎಂಬುದು ವಿಚಾರಣೀಯವಾದುದು. ಪಾಠಾಂತರಗಳೊಡನೆ ಇದನ್ನು ಪರಿಶೀಲಿಸಿದರೆ, ಇದು ದೈವದ ಪಾರಮ್ಯವನ್ನು ಸಾರುವ ಕಥೆಯಲ್ಲವೆಂದೂ, ಯಾರು ಮಾಡಿದರು, ಯಾರು ಮಾಡಿಸಿದರು ಎಂಬೆರಡನ್ನೂ ಮರೆಯಗೊಡದ ಕಥೆಯೆಂದೂ ಸ್ಪಷ್ಟವಾಗುತ್ತದೆ.

೨. ಕಥೆಯ ಎರಡು ಪಾಠಗಳು

ಚರಿತ್ರೆಯಲ್ಲಿ ನಿಶ್ಚಿತವಾದ ಭಾಗವು ಸ್ವಲ್ಪವೇ. ವಿಜಯನಗರದ ಅರಸರ ಪ್ರತಿನಿಧಿಯಾಗಿ ತಿರುಮಲರಾಜನು ಶ್ರೀರಂಗಪಟ್ಟಣದಲ್ಲಿದ್ದನು. ೧೬೧೦ರಲ್ಲಿ ಆ ಪಟ್ಟಣವು ಮೈಸೂರಿನ ರಾಜ ಒಡೆಯರ ವಶವಾಯಿತು. ರಾಜ ಒಡೆಯರು ೧೬೧೭ರವರೆಗೆ ಆಳಿದರು. ಉಳಿದುದು ಐತಿಹ್ಯ.

ಬಿ. ಎಲ್. ರೈಸ್ ಅವರು ಸಂಕಲಿಸಿದ ಮೈಸೂರು ಗ್ಯಾಸೆಟಿಯರಿನಲ್ಲಿ ದೊರೆಯುವ ಪಾಠವು ಹೀಗಿದೆ: ತಿರುಮಲರಾಜನು ವಾಸಿಯಾಗದ ರೋಗದಿಂದ ಪೀಡಿತನಾಗಿ, ವೈದ್ಯೇಶ್ವರನ ಸೇವೆಗಾಗಿ ತಲಕಾಡಿಗೆ ಬಂದನು. ಅವನ ಪತ್ನಿಯು, ಪತಿಗೆ ಅವಸಾನಕಾಲವು ಸಮೀಪಿಸಿತೆಂದು ಕೇಳಿ, ಶ್ರೀರಂಗಪಟ್ಟಣವನ್ನು ರಾಜ ಒಡೆಯರ ವಶಕ್ಕೆ ಒಪ್ಪಿಸಿ ತಲಕಾಡಿಗೆ ಹೊರಟಳು. ಆಕೆಯಲ್ಲಿದ್ದ ಒಡವೆಗಳ ಮೇಲೆ ರಾಜನಿಗೆ ಆಸೆಯಿದ್ದಿತು. ನೆವವನ್ನು ಹುಡುಕಿ ದಂಡನ್ನು ಕಳುಹಿದನು. ಆಕೆಯು ನದೀತೀರಕ್ಕೆ ಬಂದು, ಒಡವೆಗಳನ್ನು ನೀರಿಗೆಸೆದು, ಶಾಪವನ್ನು ನುಡಿದು, ಮಾಲಂಗಿಯ ಎದುರಿಗೆ ಕಾವೇರಿಯಲ್ಲಿ ಮುಳುಗಿದಳು.

ಶ್ರೀರಂಗಪಟ್ಟಣದ ದೇವಾಲಯದ ಸಂಪ್ರದಾಯದಲ್ಲಿ ಕಥೆಯು ಬೇರೆಯಾಗಿದೆ. ಒಡವೆಗಳು ಮಂಗಳವಾರ ಶುಕ್ರವಾರಗಳಲ್ಲಿ ರಂಗನಾಯಕಿಯಮ್ಮನವರಿಗೆ ಅಲಂಕಾರಕ್ಕಾಗಿ ಸಲ್ಲುತ್ತಿದ್ದವು. ವಿಧವೆಯಾದ ಅಲಮೇಲಮ್ಮನಿಗೆ ಅವುಗಳ ಉಪಯೋಗವಿಲ್ಲವೆಂದೂ, ಅವು ದೇವಿಗೆ ಸಲ್ಲತಕ್ಕವೆಂದೂ ಸ್ಥಾನಿಕರು ರಾಜನಿಗೆ ಬಿನ್ನವಿಸಿದರು. ರಾಜನು ಹೇಳಿಕಳುಹಿಸಿದಾಗ ಆಕೆಯು ಮುತ್ತಿನ ಮೂಗುತಿಯೊಂದನ್ನು ಮಾತ್ರ ಒಪ್ಪಿಸಿದಳು. ಮತ್ತೆ ಬಲಾತ್ಕಾರವಾದಾಗ ಉಳಿದ ಒಡವೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ನದಿಗೆ ಬಿದ್ದಳು.

ಎರಡು ಪಾಠಗಳಲ್ಲಿಯೂ ಶಾಪವೊಂದೇ, ಮಡುವೊಂದೇ. ಭೇದವಿರುವುದು ರಾಜನ ಉದ್ದೇಶದಲ್ಲಿ. ಮೊದಲನೆಯದರಲ್ಲಿ ಲೋಭ, ಎರಡನೆಯದರಲ್ಲಿ ದೇವತಾಸೇವೆ. ಎರಡನೆಯದರಲ್ಲಿ ರಾಜನಿಗೂ ಒಬ್ಬ ಪ್ರೇರಕನು ದೊರೆಯುತ್ತಾನೆ: ಅರ್ಚಕರು ಕೇಳಿದರು, ದೇವಿಗೆ ಬೇಕಾಗಿದ್ದಿತು. ಅರಮನೆಗೆ ಹತ್ತಿರವಾದ ಪಾಠವು ಅರಸನ ಭಾರವನ್ನು ಇಳಿಸಲು ಯತ್ನಿಸಿದೆಯೆಂದು ಇದರಿಂದ ಊಹಿಸಬಹುದು. ಆದರೆ ಗಮನಿಸಬೇಕಾದ ಅಂಶವೆಂದರೆ, ಆ ಪಾಠವೂ ಶಾಪವನ್ನು ಬಿಟ್ಟುಕೊಟ್ಟಿಲ್ಲ. ಉದ್ದೇಶವು ಎಷ್ಟು ಪವಿತ್ರವೆಂದು ಹೇಳಿಕೊಂಡರೂ ಅನ್ಯರ ಸ್ವತ್ತಿಗೆ ದಂಡನ್ನು ಕಳುಹಿದ ಕೃತ್ಯವು ಅರಸನದೇ ಆಗಿ ಉಳಿಯಿತು. ಪ್ರೇರಣೆಯಿದ್ದ ಮಾತ್ರಕ್ಕೆ ಕರ್ತೃತ್ವವು ಹೋಗದು ಎಂಬ ತತ್ತ್ವವು ಕಥೆಯ ಗರ್ಭದಲ್ಲಿಯೇ ಇದೆ.

೩. ಕರ್ತೃವೂ ಪ್ರಯೋಜಕನೂ

ಈ ತತ್ತ್ವಕ್ಕೆ ಶಾಸ್ತ್ರದ ಆಧಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ; ವ್ಯಾಕರಣದಲ್ಲಿಯೇ ಇದೆ. ಪಾಣಿನಿಯು ಕಾರಕಪ್ರಕರಣದಲ್ಲಿ, ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದನು. ಒಡನೆಯೇ ಮುಂದಿನ ಸೂತ್ರದಲ್ಲಿ, ಆ ಸ್ವತಂತ್ರನನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರನ್ನೂ ಕರ್ತೃವೆಂಬ ಹೆಸರನ್ನೂ ಕೊಟ್ಟನು. ದೇವದತ್ತನು ಯಜ್ಞದತ್ತನಿಂದ ಅಡಿಗೆಯನ್ನು ಮಾಡಿಸಿದರೆ, ಮಾಡಿದವನು ಪ್ರಯೋಜ್ಯಕರ್ತೃ, ಮಾಡಿಸಿದವನು ಪ್ರಯೋಜಕಕರ್ತೃ. ಇಲ್ಲಿ ಸೂಕ್ಷ್ಮವೇನೆಂದರೆ, ಮಾಡಿಸುವವನು ಬಂದುದರಿಂದ ಮಾಡುವವನ ಸ್ವಾತಂತ್ರ್ಯವನ್ನು ಶಾಸ್ತ್ರವು ಅಳಿಸಲಿಲ್ಲ. ಮಾಡುವವನು ಇದ್ದಾನೆಂದು ಮಾಡಿಸುವವನನ್ನು ಬಿಟ್ಟುಬಿಡಲೂ ಇಲ್ಲ. ಕನ್ನಡದಲ್ಲಿಯಂತೂ ಧಾತುವಿಗೆ ‘ಇಸು’ ಎಂಬುದೊಂದು ಸೇರಿದರೆ ಸಾಕು; ಮಾಡು ಎಂಬುದು ಮಾಡಿಸು ಎಂದಾಗುತ್ತದೆ, ಇಬ್ಬರು ಕರ್ತೃಗಳೂ ಒಂದೇ ವಾಕ್ಯದಲ್ಲಿ ನಿಲ್ಲುತ್ತಾರೆ.

ಇನ್ನೊಂದು ಮಾತನ್ನು ವೈಯಾಕರಣರು ಹೇಳುತ್ತಾರೆ: ಕಾರಕಗಳು ವಿವಕ್ಷಾಧೀನವಾದುವು. ಅನ್ನವನ್ನು ಬೇಯಿಸುವುದು ಅಡಿಗೆಯವನಾದರೂ, ಹೇಳುವವನ ಇಷ್ಟದಂತೆ ಮಡಕೆಯೇ ಬೇಯಿಸುತ್ತದೆಯೆಂದೂ ಕಟ್ಟಿಗೆಯೇ ಬೇಯಿಸುತ್ತದೆಯೆಂದೂ ಹೇಳಬಹುದು. ಲೋಕವ್ಯವಹಾರದಲ್ಲಿ ಇದು ದೋಷವಲ್ಲ. ಆದರೆ ಅನ್ಯಾಯದ ಕಥನದಲ್ಲಿ ಈ ವಿವಕ್ಷೆಯು ನಿರುಪದ್ರವವಲ್ಲ. ‘ವಿಧಿಯು ಅಲಮೇಲಮ್ಮನನ್ನು ನದಿಗೆ ತಳ್ಳಿತು’ ಎನ್ನುವವನು ಮಡಕೆಯನ್ನು ಕರ್ತೃವಾಗಿಸಿ ಅಡಿಗೆಯವನನ್ನು ಮರೆಸುತ್ತಾನೆ. ‘ಆಕೆಯು ತಾನೇ ಬಿದ್ದಳು’ ಎನ್ನುವವನು ಪ್ರಯೋಜ್ಯಕರ್ತೃವನ್ನು ಮಾತ್ರ ಹೇಳಿ ಪ್ರಯೋಜಕನನ್ನು ಮುಚ್ಚುತ್ತಾನೆ. ದೈವವಾದವೂ ಸ್ವಾತಂತ್ರ್ಯವಾದವೂ ಹೀಗೆ ಒಂದೇ ಫಲದಲ್ಲಿ ಮುಗಿಯಬಲ್ಲವು: ಬಲಿಷ್ಠನು ನಿರ್ದೋಷಿಯಾಗಿ ಹೊರಬರುತ್ತಾನೆ. ಈ ವಿಚಾರವು ತಾರ್ಕಿಕರ ವಿನೋದಕ್ಕಾಗಿ ಮಾತ್ರವಿರುವುದಲ್ಲವೆಂಬುದಕ್ಕೆ ಇದೇ ಕಾರಣ.

ಜನ್ನನ ಯಶೋಧರಚರಿತೆಯಲ್ಲಿ (೧೨೦೯) ಇದಕ್ಕೆ ಉತ್ತಮವಾದ ಕಾವ್ಯೋದಾಹರಣೆಯಿದೆ. ಯಶೋಧರನು ಹಿಂಸೆಯನ್ನು ಒಲ್ಲೆನೆಂದನು. ತಾಯಿ ಚಂದ್ರಮತಿಯು ಬಿಡಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಯ ಬಲಿಗೆ ಅವನು ಒಪ್ಪಿದನು. ತಾಯಿಯ ಮಾತು, ಕುಲದ ಆಚಾರ, ಮಡದಿಯ ದ್ರೋಹದಿಂದ ನೊಂದ ಮನಸ್ಸು ಇವೆಲ್ಲವೂ ಅವನನ್ನು ನೂಕಿದವು. ಕೊಂದುದು ಜೀವವುಳ್ಳ ಕೋಳಿಯೂ ಅಲ್ಲ. ಆದರೂ ಕವಿಯು ಅವನನ್ನು ಬಿಡುಗಡೆಮಾಡಲಿಲ್ಲ, ಸಂಕಲ್ಪವು ಅವನದಾಗಿದ್ದಿತು. ಪ್ರೇರಿಸಿದ ತಾಯಿಯನ್ನೂ ಬಿಡಲಿಲ್ಲ. ತಾಯಿ ಮಕ್ಕಳಿಬ್ಬರೂ ಜೊತೆಜೊತೆಯಾಗಿ ಹೀನಜನ್ಮಗಳಲ್ಲಿ ತೊಳಲಿದರು. ಪಾಣಿನಿಯ ಎರಡು ಸೂತ್ರಗಳನ್ನು ಜನ್ನನು ಭವಾವಳಿಯಾಗಿ ಬರೆದನೆಂದರೆ ಅತಿಶಯೋಕ್ತಿಯಾಗದು.

೪. ಶಾಪಗಳ ವಿಷಯಭೇದ

ಶಾಪವು ಮನುಷ್ಯನ ನಡೆಯನ್ನು ಕಟ್ಟಿಹಾಕುವುದೇ ಎಂಬುದಕ್ಕೆ ಉತ್ತರವು, ಶಾಪವು ಯಾವುದರ ಮೇಲೆ ಬೀಳುತ್ತದೆ ಎಂಬುದನ್ನು ಆಶ್ರಯಿಸಿದೆ. ಕಾವ್ಯಪುರಾಣಗಳಲ್ಲಿನ ಶಾಪಗಳನ್ನು ಈ ದೃಷ್ಟಿಯಿಂದ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಚಿತ್ತದ ಮೇಲೆ ಬೀಳುವ ಶಾಪ. ಶಾಕುಂತಲದಲ್ಲಿ ದುರ್ವಾಸನ ಶಾಪವು ದುಷ್ಯಂತನ ಸ್ಮೃತಿಯನ್ನೇ ಕಸಿದುಕೊಂಡಿತು. ಮಹಾಭಾರತದ ಮೂಲಕಥೆಯಲ್ಲಿ ಈ ಶಾಪವಿಲ್ಲ. ಅಲ್ಲಿ ರಾಜನು ಶಕುಂತಲೆಯನ್ನು ಗುರುತಿಸಿಯೂ ಲೋಕಾಪವಾದಕ್ಕೆ ಅಂಜಿ ಅರಿಯೆನೆನ್ನುತ್ತಾನೆ. ಕಾಳಿದಾಸನು ಶಾಪವನ್ನು ತಂದುದು ನಾಯಕನ ಧೀರೋದಾತ್ತತೆಯನ್ನು ಉಳಿಸುವುದಕ್ಕಾಗಿ ಎಂಬುದು ವಿಮರ್ಶಕರಲ್ಲಿ ಪ್ರಸಿದ್ಧವಾದ ಮಾತು. ರಸದೃಷ್ಟಿಯಿಂದ ಇದು ಉಚಿತವೇ. ಆದರೆ ಇದರಿಂದ ಒಂದು ಬೆಲೆಯನ್ನು ತೆತ್ತಂತಾಯಿತು: ವ್ಯಾಸನ ದುಷ್ಯಂತನು ತಪ್ಪು ಮಾಡಿದನು, ಕಾಳಿದಾಸನ ದುಷ್ಯಂತನಿಗೆ ತಪ್ಪು ಸಂಭವಿಸಿತು. ಕರ್ಣನು ಪರಶುರಾಮನಿಂದ ಪಡೆದ ಶಾಪವೂ ಚಿತ್ತದ ಮೇಲಿನದೇ. ಬೇಕಾದ ಸಮಯದಲ್ಲಿ ಅಸ್ತ್ರವು ನೆನಪಿಗೆ ಬಾರದೆ ಹೋಗುತ್ತದೆ. ಆದರೆ ಕೃಷ್ಣನಿಂದ ಜನ್ಮರಹಸ್ಯವನ್ನು ತಿಳಿದ ಮೇಲೂ ದುರ್ಯೋಧನನನ್ನು ಬಿಡೆನೆಂದ ನಿಶ್ಚಯವನ್ನು ಯಾವ ಶಾಪವೂ ಮಾಡಿಸಲಿಲ್ಲ. ಪಂಪನ ಕರ್ಣನು ದೊಡ್ಡವನಾಗುವುದು ಶಾಪಗಳ ಹೊರೆಯಿಂದಲ್ಲ, ಈ ನಿಶ್ಚಯದಿಂದ.

ಎರಡನೆಯದು ದೇಹದ ಮೇಲೆ, ಆಯುಸ್ಸಿನ ಮೇಲೆ ಬೀಳುವ ಶಾಪ. ಪಾಂಡುವಿಗೆ ಪತ್ನೀಸಂಗವೇ ಮೃತ್ಯುವಾಗಲೆಂಬ ಶಾಪವಿದ್ದಿತು. ಮಾದ್ರಿಯ ಬಳಿಗೆ ಹೋಗೆಂದು ಶಾಪವು ಹೇಳಿರಲಿಲ್ಲ. ದಶರಥನಿಗೆ ಪುತ್ರಶೋಕದಿಂದ ಮರಣವೆಂಬ ಶಾಪವಿದ್ದಿತು. ಕೈಕೇಯಿಗೆ ವರಗಳನ್ನು ಕೊಟ್ಟುದೂ, ಕೊಟ್ಟ ಮಾತಿಗೆ ಕಟ್ಟುಬಿದ್ದುದೂ ಅವನ ನಡೆಯೇ. ಸಾಯುವ ರಾತ್ರಿಯಲ್ಲಿ ಅವನಿಗೆ ಮುನಿಕುಮಾರನ ನೆನಪು ಬಂದುದು, ಶಾಪವು ಫಲಿಸಿತೆಂಬ ಸಮಾಧಾನಕ್ಕಾಗಿ ಅಲ್ಲ. ಕಾಣದೆ ಶಬ್ದಕ್ಕೆ ಬಾಣವನ್ನೆಸೆದ ತನ್ನ ಯೌವನದ ಅವಿವೇಕವೇ ತಿರುಗಿ ಬಂದಿತೆಂಬ ಅರಿವಿನಿಂದ. ವಾಲ್ಮೀಕಿಯು ಶಾಪವನ್ನು ಹೊರಗಿನಿಂದ ಬಂದ ಶಕ್ತಿಯಾಗಿ ತೋರಿಸದೆ, ಮಾಡಿದ ಕೃತ್ಯದ ನೆನಪಾಗಿ ತೋರಿಸಿದ್ದಾನೆ.

ಮೂರನೆಯದು ನೆಲ, ನೀರು, ವಂಶಗಳ ಮೇಲೆ ಬೀಳುವ ಶಾಪ. ತಲಕಾಡಿನದು ಈ ಬಗೆಯದು. ಮರಳು, ಮಡು, ಸಂತಾನ: ಈ ಮೂರರಲ್ಲಿ ಯಾವುದೂ ಮನುಷ್ಯನ ಇಚ್ಛೆಗೆ ಅಧೀನವಲ್ಲ, ಹಾಗೆಯೇ ಯಾವುದೂ ಮನುಷ್ಯನ ಇಚ್ಛೆಯನ್ನು ಕಟ್ಟುವುದೂ ಇಲ್ಲ. ಮೈಸೂರಿನ ಅರಸರು ಕ್ರೂರರಾಗಲೆಂದು ಅಲಮೇಲಮ್ಮನು ಶಪಿಸಲಿಲ್ಲ, ಬುದ್ಧಿಗೆಡಲೆಂದೂ ಶಪಿಸಲಿಲ್ಲ. ಅವರ ಬುದ್ಧಿಯನ್ನು ಅವರಿಗೇ ಬಿಟ್ಟು, ಅದರ ಸುತ್ತಲಿನ ಲೋಕವನ್ನು ಮಾತ್ರ ಶಾಪವು ಮುಟ್ಟಿತು. ಇನ್ನೂ ಒಂದು ವಿಶೇಷವಿದೆ. ಈ ಶಾಪವು ಅಪರಾಧದ ಹಿಂದೆ ಬಂದುದು. ದುರ್ವಾಸನ ಶಾಪವು ರಾಜನ ನಿರಾಕರಣಕ್ಕೆ ಮೊದಲೇ ಬಂದು ಅದಕ್ಕೆ ಕಾರಣವಾಯಿತು. ಅಲಮೇಲಮ್ಮನ ಶಾಪವು ರಾಜನ ಕೃತ್ಯದ ಅನಂತರ ಬಂದು ಅದಕ್ಕೆ ಸಾಕ್ಷಿಯಾಯಿತು. ಒಂದು ಶಾಪವು ಕರ್ತೃವನ್ನು ಮರೆಮಾಡುತ್ತದೆ. ಇನ್ನೊಂದು ಎತ್ತಿ ತೋರಿಸುತ್ತದೆ. ಹೆಸರಾಂತ ಕವಿಯಿಲ್ಲದ ಈ ಜನಪದಕಥೆಯು ಈ ಒಂದು ವಿಷಯದಲ್ಲಿ ವ್ಯಾಸನ ಮಾರ್ಗವನ್ನು ಹಿಡಿದಿದೆಯೆನ್ನಬೇಕು.

೫. ಪೂರ್ವಪಕ್ಷ: ಶಾಪವು ಫಲಿಸಿತಲ್ಲವೆ?

ಶಾಪವು ಅಕ್ಷರಶಃ ಫಲಿಸಿರುವುದರಿಂದ ದೈವವೇ ಬಲವತ್ತರವೆಂದು ಪೂರ್ವಪಕ್ಷಿಯು ಹೇಳಬಹುದು. ತಲಕಾಡಿನ ಮರಳು ಎಲ್ಲರ ಕಣ್ಣಿಗೂ ಕಾಣುತ್ತದೆ. ಮೂವತ್ತಕ್ಕಿಂತ ಹೆಚ್ಚು ದೇವಾಲಯಗಳು ಮರಳಿನಡಿಯಲ್ಲಿವೆಯೆಂದೂ, ಮರಳು ವರ್ಷಕ್ಕೆ ೯–೧೦ ಅಡಿಗಳಷ್ಟು ಊರಿನ ಕಡೆಗೆ ಸರಿಯುತ್ತಿದ್ದು ಜನರು ಮನೆಗಳನ್ನು ಹಿಂದೆ ಹಿಂದೆ ಕಟ್ಟಿಕೊಳ್ಳಬೇಕಾಗಿದ್ದಿತೆಂದೂ ಹತ್ತೊಂಬತ್ತನೆಯ ಶತಮಾನದ ವರ್ಣನೆಗಳು ತಿಳಿಸುತ್ತವೆ. ಅರಸರ ವಿಷಯದಲ್ಲಿಯೂ, ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ದತ್ತುತೆಗೆದುಕೊಂಡುದು, ನಾಲ್ವಡಿಯವರ ಅನಂತರ ೧೯೪೦ರಲ್ಲಿ ತಮ್ಮನ ಮಗನು ಪಟ್ಟಕ್ಕೆ ಬಂದುದು, ಶ್ರೀಕಂಠದತ್ತ ನರಸಿಂಹರಾಜ ಒಡೆಯರು ೨೦೧೩ರಲ್ಲಿ ಸಂತಾನವಿಲ್ಲದೆ ತೀರಿಕೊಂಡುದು, ೨೦೧೫ರಲ್ಲಿ ಯದುವೀರರನ್ನು ದತ್ತುತೆಗೆದುಕೊಂಡುದು ಇವೆಲ್ಲವೂ ಪ್ರಸಿದ್ಧವಾಗಿವೆ.

ಇದಕ್ಕೆ ಸಮಾಧಾನ. ಮೊದಲು ವಂಶದ ವಿಷಯ. ಚಿಕ್ಕದೇವರಾಜ ಒಡೆಯರ ಅನಂತರ ೧೭೦೪ರಲ್ಲಿ ಅವರ ಮಗನು, ೧೭೧೪ರಲ್ಲಿ ಆ ಮಗನ ಮಗನು ಪಟ್ಟಕ್ಕೆ ಬಂದರು. ದತ್ತಕರಾಗಿ ಬಂದ ಚಾಮರಾಜೇಂದ್ರ ಒಡೆಯರಿಗೆ ಔರಸಪುತ್ರರಾಗಿ ನಾಲ್ವಡಿ ಕೃಷ್ಣರಾಜರೂ ಯುವರಾಜ ಕಂಠೀರವ ನರಸಿಂಹರಾಜರೂ ಜನಿಸಿದರು. ಯದುವೀರರಿಗೆ ೨೦೧೭ರಲ್ಲಿ ಗಂಡುಮಗುವಾಯಿತು. ಈ ಅಪವಾದಗಳಿಗೆ ಜನರು, ಶಾಪವು ಒಂದು ತಲೆ ಬಿಟ್ಟು ಒಂದು ತಲೆಗೆ ತಟ್ಟುತ್ತದೆ, ದತ್ತಕರಿಗೆ ತಟ್ಟುವುದಿಲ್ಲ ಎಂದು ವ್ಯಾಖ್ಯಾನಮಾಡಿದರು. ಫಲವನ್ನು ನೋಡಿ ಮೂಲವಾಕ್ಯಕ್ಕೆ ಅರ್ಥವನ್ನು ಹೊಂದಿಸುವ ವ್ಯಾಖ್ಯಾನವು ಎಂದಿಗೂ ಸೋಲುವುದಿಲ್ಲ. ಆದುದರಿಂದಲೇ ಅದು ಪ್ರಮಾಣವೂ ಆಗಲಾರದು.

ಅದು ಹಾಗಿರಲಿ, ಸಂತಾನವಿಲ್ಲದಿರುವುದು ರಾಜ್ಯಕ್ಕೆ ವಿಪತ್ತಾದುದು ಯಾವುದರಿಂದ? ಔರಸನಿಲ್ಲದವನಿಗೆ ಧರ್ಮಶಾಸ್ತ್ರವು ದತ್ತಕನನ್ನು ವಿಧಿಸಿಯೇ ಇದೆ. ಆ ವಿಧಿಯಿರುವವರೆಗೆ ವಂಶಚ್ಛೇದವೆಂಬುದಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಣಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ದತ್ತಕರ ಹಕ್ಕನ್ನು ಒಪ್ಪದೆ ಸಾತಾರ, ಝಾನ್ಸಿ ಮೊದಲಾದ ಸಂಸ್ಥಾನಗಳನ್ನು ಸೇರಿಸಿಕೊಂಡನು. ಅದೇ ಅಪಾಯವು ಮೈಸೂರಿನ ಮುಂದೆಯೂ ನಿಂತಿದ್ದಿತು. ೧೮೬೫ರ ದತ್ತಕವನ್ನು ಬ್ರಿಟಿಷ್ ಸರ್ಕಾರವು ೧೮೬೭ರಲ್ಲಿ ಅಂಗೀಕರಿಸಿತು. ೧೮೮೧ರಲ್ಲಿ ರಾಜ್ಯವು ಚಾಮರಾಜೇಂದ್ರರಿಗೆ ಹಿಂದಿರುಗಿತು. ಸಂತಾನಾಭಾವವನ್ನು ರಾಜ್ಯನಾಶವಾಗಿ ಮಾರ್ಪಡಿಸಹೊರಟುದು ಅಲಮೇಲಮ್ಮನ ಮಾತಲ್ಲ, ಮನುಷ್ಯರು ಬರೆದ ಒಂದು ರಾಜನೀತಿ. ಅದನ್ನು ತಡೆದುದೂ ಮನುಷ್ಯರ ಯತ್ನವೇ.

ಇನ್ನು ಮರಳಿನ ವಿಷಯ. ಕಾವೇರಿಯು ತಲಕಾಡಿನ ಬಳಿ ದೊಡ್ಡದಾಗಿ ತಿರುಗುತ್ತದೆ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಾಧವಮಂತ್ರಿಯು ಆ ಪ್ರಾಂತದಲ್ಲಿ ನದಿಗೆ ಕಟ್ಟೆಯನ್ನು ಕಟ್ಟಿಸಿದನು. ಕಟ್ಟೆಯ ಕೆಳಗೆ ನೀರಿನ ಹರಿವು ಕುಗ್ಗಿ, ಮರಳು ಬಯಲಿಗೆ ಬಿದ್ದು, ನೈಋತ್ಯದ ಗಾಳಿಯು ಅದನ್ನು ದಡಕ್ಕೆ ಒಟ್ಟಿತೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಈ ಅಭಿಪ್ರಾಯವನ್ನು ಅಂಗೀಕರಿಸಿದರೆ, ಶಾಪವನ್ನು ತೆಗೆದು ಪ್ರಕೃತಿಯನ್ನು ಆ ಸ್ಥಾನದಲ್ಲಿಟ್ಟ ನವೀನನ ವಾದವೂ ಪೂರ್ಣವಾಗಲಿಲ್ಲ. ಗಾಳಿಯು ಪ್ರಕೃತಿ, ಕಟ್ಟೆಯು ಪುರುಷಕಾರ. ಬಯಲಿಗೆ ನೀರನ್ನು ತಂದು ನೂರಾರು ವರ್ಷಗಳಿಂದ ಭತ್ತವನ್ನು ಬೆಳೆಯಿಸಿದ ಸತ್ಕಾರ್ಯವೇ, ಕಾಣದ ಕಡೆಯಲ್ಲಿ ಮರಳಿಗೂ ದಾರಿಮಾಡಿತೆಂದಾಗುತ್ತದೆ. ಒಂದು ತಲೆಮಾರಿನ ಪುರುಷಕಾರವು ಮುಂದಿನ ತಲೆಮಾರಿಗೆ ದೈವವಾಗಿ ಎದುರಾಗುತ್ತದೆ. ಪೂರ್ವದಲ್ಲಿ ಮಾಡಿದ ಪೌರುಷಕ್ಕೇ ದೈವವೆಂದು ಹೆಸರೆಂದು ಯೋಗವಾಸಿಷ್ಠವು ಪ್ರತಿಪಾದಿಸುವುದು ಈ ಅರ್ಥದಲ್ಲಿ ಒಪ್ಪತಕ್ಕದ್ದಾಗಿದೆ. ಪೂರ್ವವೆಂಬುದು ಒಬ್ಬನ ಹಿಂದಿನ ಜನ್ಮವೇ ಆಗಬೇಕೆಂಬ ನಿಯಮವಿಲ್ಲ, ಹಿಂದಿನವರ ಕೃತ್ಯವೂ ಆಗಬಹುದು.

ಮರಳಿಗೆ ಎದುರಾಗಿ ತಲಕಾಡಿನ ಜನರು ಏನು ಮಾಡಿದರೆಂಬುದನ್ನೂ ಮರೆಯಬಾರದು. ಅವರು ಊರನ್ನು ಬಿಟ್ಟು ಓಡಲಿಲ್ಲ. ಹಿಂದೆ ಸರಿದು ಕಟ್ಟಿಕೊಂಡರು. ದೇವಾಲಯಗಳನ್ನು ತೋಡಿ ತೆಗೆದರು. ಕಾರ್ತಿಕದಲ್ಲಿ ವಿಶೇಷಯೋಗವು ಕೂಡಿಬಂದ ವರ್ಷಗಳಲ್ಲಿ ಪಂಚಲಿಂಗದರ್ಶನವು ಮರಳಿನ ನಡುವೆಯೇ ನಡೆಯುತ್ತದೆ. ೨೦೧೩ರಲ್ಲಿಯೂ ೨೦೨೦ರಲ್ಲಿಯೂ ನಡೆಯಿತು. ಶಾಪವು ಮರಳನ್ನು ತಂದಿರಬಹುದು. ಮರಳಿನಲ್ಲಿ ಹೇಗೆ ಬಾಳಬೇಕೆಂಬುದನ್ನು ಅದು ನಿರ್ಣಯಿಸಲಿಲ್ಲ.

೬. ನಂಜನಗೂಡಿನ ನಿದರ್ಶನ

ಇಷ್ಟು ದೂರ ಅರಸರ ಮತ್ತು ಊರಿನ ವಿಚಾರವಾಯಿತು. ದೈವವೆಂಬ ಮಾತು ದಿನದಿನದ ಬಾಳಿನಲ್ಲಿ ಅತ್ಯಂತ ಕಠಿನವಾಗಿ ಬೀಳುತ್ತಿದ್ದುದು ಅರಸರ ಮೇಲೆ ಅಲ್ಲ, ಬಾಲವಿಧವೆಯರ ಮೇಲೆ. ದೇವಾಲಯದ ಪಾಠದಲ್ಲಿ ಅಲಮೇಲಮ್ಮನ ಒಡವೆಗಳನ್ನು ಕೇಳಿದುದಕ್ಕೆ ಕೊಟ್ಟ ಕಾರಣವೂ ಆಕೆಯ ವೈಧವ್ಯವೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ತಲಕಾಡಿನಿಂದ ನದಿಯ ಮೇಲುಗಡೆಗೆ ನಡೆದರೆ, ಕಪಿಲೆಯು ಕಾವೇರಿಯನ್ನು ಸೇರುವ ತಿರುಮಕೂಡಲು ಸಿಕ್ಕುತ್ತದೆ. ಕಪಿಲೆಯನ್ನು ಹಿಡಿದು ಇನ್ನೂ ಮೇಲಕ್ಕೆ ಹೋದರೆ ನಂಜನಗೂಡು. ಆ ಊರಿನಲ್ಲಿ ೧೮೮೭ರಲ್ಲಿ ಜನಿಸಿದ ತಿರುಮಲಾಂಬಾ ಅವರಿಗೆ ೧೦ನೆಯ ವಯಸ್ಸಿನಲ್ಲಿ ವಿವಾಹವಾಯಿತು. ೧೪ನೆಯ ವಯಸ್ಸಿನಲ್ಲಿ ವೈಧವ್ಯವು ಒದಗಿತು. ಅಂತಹ ಹುಡುಗಿಗೆ ಲೋಕವು ಹೇಳುತ್ತಿದ್ದ ಮಾತು ಒಂದೇ: ಹಿಂದಿನ ಜನ್ಮದ ಕರ್ಮ, ಅನುಭವಿಸಬೇಕು.

ತಿರುಮಲಾಂಬಾ ಓದಿದರು, ಬರೆದರು. ೧೯೧೩ರಲ್ಲಿ ‘ಸುಶೀಲೆ’ ಕಾದಂಬರಿಯು ಹೊರಬಂದಿತು. ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ನಡೆಸಿದರು. ‘ಕರ್ನಾಟಕ ನಂದಿನೀ’, ‘ಸನ್ಮಾರ್ಗದರ್ಶಿನೀ’ ಪತ್ರಿಕೆಗಳನ್ನು ಹೊರಡಿಸಿದರು. ಹೊಸಗನ್ನಡದ ಮೊದಲ ಲೇಖಕಿಯರ ಸಾಲಿನಲ್ಲಿ ಅವರ ಹೆಸರು ನಿಂತಿತು. ೧೯೮೨ರಲ್ಲಿ ತೀರಿಕೊಂಡರು.

ಇದನ್ನು ಪುರುಷಕಾರದ ಜಯವೆಂದು ಹೇಳಿ ಮುಗಿಸುವುದು ಸುಲಭ, ಆದರೆ ಅರ್ಧಸತ್ಯ. ವಕೀಲರಾಗಿದ್ದ ತಂದೆಯವರು ಮಗಳನ್ನು ಓದಿಸಿದರು. ‘ಓದಿದರು’ ಎಂಬ ಕ್ರಿಯೆಗೆ ಹಿಂದೆ ‘ಓದಿಸಿದರು’ ಎಂಬುದೊಂದಿದೆ. ಪ್ರಯೋಜ್ಯಕರ್ತೃವಿನ ಬೆನ್ನಿಗೆ ಪ್ರಯೋಜಕನು ನಿಂತಿದ್ದಾನೆ. ಅದರಿಂದ ಆಕೆಯ ಕರ್ತೃತ್ವಕ್ಕೆ ಲೋಪವಿಲ್ಲ. ತಂದೆಯು ಓದಿಸಬಲ್ಲನು; ಕಾದಂಬರಿಯನ್ನು ಬರೆಯಬೇಕೆಂಬ ಸಂಕಲ್ಪವನ್ನು ಮಗಳೇ ಮಾಡಬೇಕು. ಆದರೆ ಅದೇ ಕಾಲದಲ್ಲಿ ಓದಿಸುವವರಿಲ್ಲದೆ ಕತ್ತಲೆಯ ಕೋಣೆಯಲ್ಲಿ ಬಾಳನ್ನು ಕಳೆದ ಇತರ ಹುಡುಗಿಯರನ್ನು ಕುರಿತು, ತಿರುಮಲಾಂಬಾ ಮಾಡಿದುದನ್ನು ಇವರೇಕೆ ಮಾಡಲಿಲ್ಲವೆಂದು ಕೇಳುವುದು ನ್ಯಾಯವಲ್ಲ. ಅವರಿಗೆ ಇಚ್ಛೆಯಿರಲಿಲ್ಲವೆಂದು ಹೇಳಲು ಆಧಾರವಿಲ್ಲ, ಹೇತುವಿರಲಿಲ್ಲವೆಂಬುದು ನಿಶ್ಚಯ. ಕರ್ಮವಾದವನ್ನು ಹಿಡಿದು ಅವರನ್ನು ಸುಮ್ಮನಾಗಿಸುವುದು ಎಷ್ಟು ತಪ್ಪೋ, ಸ್ವಾತಂತ್ರ್ಯವಾದವನ್ನು ಹಿಡಿದು ಅವರನ್ನು ದೂರುವುದೂ ಅಷ್ಟೇ ತಪ್ಪು. ಮೊದಲನೆಯದು ಪ್ರಯೋಜ್ಯನನ್ನು ಕೊಲ್ಲುತ್ತದೆ, ಎರಡನೆಯದು ಪ್ರಯೋಜಕನನ್ನು ಬಚ್ಚಿಡುತ್ತದೆ.

ಅಲಮೇಲಮ್ಮನ ಕಡೆಯ ಕೃತ್ಯವನ್ನೂ ಈ ಬೆಳಕಿನಲ್ಲಿಯೇ ನೋಡಬೇಕು. ಆಕೆಯ ಪತಿಯು ಹೋದನು, ಪಟ್ಟಣವು ಹೋಯಿತು, ಒಡವೆಗಳಿಗೂ ದಂಡು ಬಂದಿತು. ಉಳಿದುದು ಮಾತೊಂದೇ. ಆ ಮಾತನ್ನು ಆಕೆಯು ತನ್ನ ಇಚ್ಛೆಯಿಂದ ಆಡಿದಳು. ಆದರೆ ಆಕೆಯ ಸ್ವಾತಂತ್ರ್ಯವನ್ನು ಹೊಗಳುವ ಭರದಲ್ಲಿ, ಅದನ್ನು ನದಿಯ ದಡದ ಒಂದು ಹೆಜ್ಜೆಗೆ ಕುಗ್ಗಿಸಿದವರು ಯಾರೆಂಬುದನ್ನು ಮರೆತರೆ, ಆ ಹೊಗಳಿಕೆಯೂ ದಂಡಿನವರ ಪಕ್ಷವನ್ನೇ ಸೇರಿದಂತಾಗುತ್ತದೆ.

೭. ಸಿದ್ಧಾಂತ

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ಚೇಷ್ಟೆಗಳು, ಐದನೆಯದಾಗಿ ದೈವ. ದೈವವು ಐದರಲ್ಲಿ ಒಂದು. ಐದೂ ಅಲ್ಲ, ಶೂನ್ಯವೂ ಅಲ್ಲ. ಅದೇ ಅಧ್ಯಾಯದಲ್ಲಿ ಭಗವಂತನು ಅರ್ಜುನನಿಗೆ, ನಿನ್ನ ಸ್ವಭಾವವೇ ನಿನ್ನನ್ನು ಯುದ್ಧಕ್ಕೆ ಎಳೆಯುವುದೆಂದು ಹೇಳಿ, ಸ್ವಲ್ಪ ಮುಂದೆ, ಎಲ್ಲವನ್ನೂ ವಿಮರ್ಶಿಸಿ ನಿನಗೆ ಇಷ್ಟವಾದಂತೆ ಮಾಡೆಂದೂ ಹೇಳುತ್ತಾನೆ. ಎರಡು ಮಾತುಗಳಿಗೆ ವಿರೋಧವಿದೆಯೆಂದು ತೋರಬಹುದು. ಆದರೆ ಮೊದಲನೆಯದು ನಡೆಯು ಎಲ್ಲಿಂದ ಹುಟ್ಟುತ್ತದೆಯೆಂಬ ವರ್ಣನೆ. ಎರಡನೆಯದು ಕೇಳುವವನಿಗೆ ಮಾಡಿದ ಸಂಬೋಧನೆ. ಸ್ವಾತಂತ್ರ್ಯವಿಲ್ಲದವನಿಗೆ ಉಪದೇಶವಿಲ್ಲ.

ಕಥೆಗೂ ಇದೇ ನ್ಯಾಯ. ವಿಧಿಯ ಕಥೆಯನ್ನು ಹೇಳುವವನು ಅದನ್ನು ಸ್ವತಂತ್ರನಾದ ಶ್ರೋತೃವಿಗೆ ಹೇಳುತ್ತಾನೆ. ಯಶೋಧರನ ಭವಾವಳಿಯು ಕರ್ಮದ ಕಟ್ಟುಪಾಡಿನ ಕಥೆಯೇ ಅಹುದು. ಆದರೆ ಜನ್ನನ ಕಾವ್ಯದಲ್ಲಿ ಅದನ್ನು ಕೇಳುವವನು ಬಲಿಕೊಡಲು ನಿಂತಿದ್ದ ಮಾರಿದತ್ತ. ಕೇಳಿ ಅವನು ಹಿಂಸೆಯನ್ನು ಬಿಟ್ಟನು. ಕಥೆಯೊಳಗಿನ ಬಂಧವು ಕಥೆಯ ಹೊರಗೆ ಬಿಡುಗಡೆಯಾಯಿತು. ತಲಕಾಡಿನ ಕಥೆಯೂ ಹಾಗೆಯೇ. ಗೆದ್ದವರ ಅರಮನೆಯಲ್ಲಿಯೇ ಅಲಮೇಲಮ್ಮನ ಪ್ರತಿಮೆಗೆ ನವರಾತ್ರಿಯಲ್ಲಿ ಪೂಜೆಯು ಸಲ್ಲುತ್ತ ಬಂದಿದೆಯೆಂಬುದು ಪ್ರಸಿದ್ಧಿ. ಶಾಪದ ಭಯವೇ ಅದಕ್ಕೆ ಕಾರಣವೆಂದು ಹೇಳುವವರುಂಟು. ಭಯವು ಹೇತುವಾಗಿರಬಹುದು, ಆದರೆ ನೊಂದವಳ ಹೆಸರನ್ನು ಅಳಿಸಿಹಾಕುವುದಕ್ಕೂ ಅರಸರಿಗೆ ಅಧಿಕಾರವಿದ್ದಿತು. ಅಳಿಸದೆ ಪೀಠದಲ್ಲಿಟ್ಟುದು ಅವರು ಆರಿಸಿಕೊಂಡ ನಡೆ.

ರಥವು ಒಂದೇ ಗಾಲಿಯಿಂದ ನಡೆಯದಂತೆ ಪುರುಷಕಾರವಿಲ್ಲದೆ ದೈವವು ಸಿದ್ಧಿಸದೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ದೈವವು ಬೀಜ, ಪುರುಷಕಾರವು ಕ್ಷೇತ್ರವೆಂದು ಮಹಾಭಾರತದ ಅನುಶಾಸನಪರ್ವವು ಹೇಳುತ್ತದೆ. ಎರಡು ದೃಷ್ಟಾಂತಗಳೂ ಕೂಡಿಕೆಯನ್ನು ಹೇಳುತ್ತವೆ. ಆದರೆ ತಲಕಾಡಿನ ಕಥೆಯು ಇವುಗಳಿಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತದೆ: ದೈವವೆಂಬ ಹೆಸರನ್ನು ಕೊಡುವುದಕ್ಕೆ ಮೊದಲು, ಅಲ್ಲಿ ಯಾರಾದರೂ ಮನುಷ್ಯನ ಕೈಯಿದ್ದಿತೇ ಎಂದು ಹುಡುಕಬೇಕು. ಮರಳಿನ ಹಿಂದೆ ಕಟ್ಟೆಯು, ವಂಶಭಯದ ಹಿಂದೆ ಡಾಲ್‌ಹೌಸಿಯ ನೀತಿಯು, ಬಾಲವೈಧವ್ಯದ ಹಿಂದೆ ಬಾಲವಿವಾಹವು, ಶಾಪದ ಹಿಂದೆ ದಂಡು ದೊರೆಯುತ್ತವೆ. ಹುಡುಕಿ ಹುಡುಕಿ ಯಾರೂ ದೊರೆಯದೆ ಉಳಿದ ಶೇಷಕ್ಕೆ ಮಾತ್ರ ದೈವವೆಂಬ ಹೆಸರು ಸಲ್ಲಬೇಕು.

ಈ ಕಥೆಯನ್ನು ಪಾಠಹೇಳುವ ಉಪಾಧ್ಯಾಯರು ಶಾಪವು ಫಲಿಸಿತೇ ಎಂಬ ಪ್ರಶ್ನೆಯಲ್ಲಿ ಕಾಲವನ್ನು ಕಳೆಯುವುದಕ್ಕಿಂತ, ಕಥೆಯ ಒಂದೊಂದು ಕ್ರಿಯಾಪದಕ್ಕೂ ಕರ್ತೃವು ಯಾರು, ಪ್ರಯೋಜಕನು ಯಾರು ಎಂದು ವಿದ್ಯಾರ್ಥಿಗಳಿಂದ ಹೇಳಿಸುವುದು ಲೇಸು. ಕೇಳಿದವರು ಯಾರು, ಕೇಳಿಸಿದವರು ಯಾರು; ಕೊಟ್ಟವಳು ಯಾರು, ಕೊಡಿಸಿದವರು ಯಾರು; ಮುಳುಗಿದವಳು ಯಾರು, ಮುಳುಗಿಸಿದವರು ಯಾರು. ಕಾರಕಜ್ಞಾನಕ್ಕೆ ಇದಕ್ಕಿಂತ ಪ್ರಯೋಜನಕರವಾದ ಉದಾಹರಣೆಯು ವ್ಯಾಕರಣಗ್ರಂಥಗಳಲ್ಲಿ ದೊರೆಯಲಾರದು.